ಮುಚ್ಚಿಟ್ಟರೆ ಹಾರುವ ನವಿಲು

“ಏ ಕೋಳಿ, ಮುಚ್ಕೊಳ್ಳೇ ಆ ದರಿದ್ರ ಕೈನ! ನಿನ್ನ ಹಚ್ಚೆ ನೋಡಿ ಮೂರನೇ ಮಹಡಿ ಮೇಡಂ ಟವೆಲ್ ವಾಪಸ್ ಕಳ್ಸಿದ್ದಾರೆ. ವಾಕರಿಕೆ ಬಂತಂತೆ ಅವರಿಗೆ!”

ಹೋಟೆಲಿನ ನೆಲಮಾಳಿಗೆಯ ಒಗೆತದ ಕೋಣೆಯಲ್ಲಿ ಯಾರ ಮುಖವೂ ಕಾಣದಷ್ಟು ಹಬೆ. ಮ್ಯಾನೇಜರನ ಬಾಯಿ ಮಾತ್ರ ಅದರ ಮೇಲೂ ತೇಲುತ್ತಿತ್ತು.

“ಕೋಳಿ ಅಲ್ಲ ಸಾರ್, ನವಿಲು,” ಅಂದಳು ಅವಳು.

ನಿಜಕ್ಕೂ ನವಿಲೇ. ಐದು ವರ್ಷದವಳಿದ್ದಾಗ ಅಜ್ಜಿ ಮೊಣಕೈ ಕೆಳಗೆ ಚುಚ್ಚಿದ್ದು. ಸೂಜಿ ತಾಗಿದ್ದೇ ತಡ, ಇವಳು ಕಿಟಾರನೆ ಕಿರುಚಿ ಒದ್ದಾಡಿದ್ದಕ್ಕೆ ಬಾಲ ಅರ್ಧಕ್ಕೇ ನಿಂತು, ಹೊಟ್ಟೆ ಊದಿ, ಹಕ್ಕಿ ಮೊಟ್ಟೆಗೆ ಕೂತ ಹಾಗಾಯಿತು. “ಇರಲಿ ಬಿಡು ಪುಟ್ಟಿ. ಮುಚ್ಚಿಡಬೇಡ ಅಷ್ಟೆ. ಮುಚ್ಚಿಟ್ರೆ ಸಿಟ್ಟು ಬಂದು ಹಾರಿಬಿಡುತ್ತೆ,” ಎಂದಿದ್ದಳು ಅಜ್ಜಿ.

“ನಿಮ್ಮ ಮಗಳ ಭುಜದ ಮೇಲೂ ಚಿಟ್ಟೆ ಇದೆಯಲ್ಲ ಸಾರ್?”

“ಅದು ಆರ್ಟು ಕಣೇ! ನಿಂದು ಕೊಳಕು. ನಾಳೆಯಿಂದ ತುಂಬು ತೋಳು ಹಾಕ್ಕೊಂಡ್ ಬಾ, ಇಲ್ಲಾ ಬರಲೇಬೇಡ.” ಎಂದಿನಂತೆ ರಾಶಿಯ ಮೇಲಿನ ಶುಭ್ರ ಟವೆಲನ್ನೇ ಎಳೆದು, ಮುಖದ ಬೆವರೊರೆಸಿ, ಅವಳತ್ತ ಎಸೆದು ಹೋದ.

ಮನೆಯಲ್ಲಿ ಉಣ್ಣುವ ಬಾಯಿ ನಾಲ್ಕು, ದುಡಿಯುವವಳು ಇವಳೊಬ್ಬಳೇ, ಕೋಳಿ ಸಮೇತ. ಮರುದಿನ ಹರಿದ ದಿಂಬಿನ ಚೀಲದಿಂದ ರವಿಕೆಗೆ ತೋಳು ಹೊಲಿದುಕೊಂಡು ಬಂದಳು. ಹತ್ತು ಗಂಟೆಗೆಲ್ಲ ಆ ತೋಳು ಇಸ್ತ್ರಿ ಯಂತ್ರದ ಉರುಳೆಗೆ ಸಿಕ್ಕಿ, ಇವಳನ್ನೂ ಎಳೆದುಕೊಂಡು ಹೊರಟಿತು. ಎಲ್ಲರೂ ದೊಡ್ಡಮ್ಮ ಎನ್ನುವ ಮುದುಕಿ ಓಡಿಬಂದು ಕತ್ತರಿ ಹಾಕದಿದ್ದರೆ ಕೈಯೂ ಬೆಡ್‌ಶೀಟಿನ ಜೊತೆ ನೀಟಾಗಿ ಇಸ್ತ್ರಿಯಾಗುತ್ತಿತ್ತು.

“ಹೋಟೆಲಿನ ದಿಂಬಿನ ಚೀಲ ಕತ್ತರಿಸಿದ್ಯಾರು?” ಬಾಗಿಲಿಂದಲೇ ಕೂಗಿದ ಮ್ಯಾನೇಜರ್. ಕೈ ಏನಾಯಿತೆಂದು ಕೇಳಲಿಲ್ಲ.

“ಬೋಳಿಮಗ,” ಅಂದಳು ದೊಡ್ಡಮ್ಮ, ಅವನು ಹೋದ ಮೇಲೆ.

ಮಧ್ಯಾಹ್ನ ಹೊಸ ಟವೆಲುಗಳಿಗೆ ಹೋಟೆಲಿನ ಕಿರೀಟದ ಗುರುತು ಹಾಕುವ ಕೆಲಸ. ಆ ಮಸಿ ಒಣಗಲು ಅರ್ಧ ಗಂಟೆ ಬೇಕು. ಮೈಗೆ ಹತ್ತಿತೋ, ವಾರಗಟ್ಟಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಅವಳು ಕಡ್ಡಿ ಅದ್ದಿ, ರಾಶಿಯ ಮೇಲಿನ ಟವೆಲಿಗೆ ಕಿರೀಟದ ಬದಲು ನವಿಲು ಬರೆದಳು. ಬಂದದ್ದು ಮಾತ್ರ ಕೋಳಿಯೇ.

“ನಂಗೂ ಒಂದು ಬರಿಯೇ,” ದೊಡ್ಡಮ್ಮ ತೊಗಲು ಜೋತ ಕೈ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಹನ್ನೊಂದು ಹೆಂಗಸರೂ ಸಾಲು ನಿಂತರು.

ಕೊನೆಯವಳ ಕೋಳಿಗೆ ಕಾಲು ಮೂಡುವಷ್ಟರಲ್ಲಿ ಮ್ಯಾನೇಜರ್ ಧಡಧಡನೆ ಇಳಿದು ಬಂದ. “ಮಾಲೀಕರು ಬಂದ್ರು! ನೆಟ್ಟಗೆ ನಿಂತ್ಕೊಳ್ಳಿ ಎಲ್ಲ!” ಅನ್ನುತ್ತ ಎಂದಿನಂತೆ ರಾಶಿಯ ಮೇಲಿನ ಟವೆಲಿಗೇ ಕೈ ಹಾಕಿದ.

“ಸಾರ್, ಅದು—”

“ಬಾಯ್ ಮುಚ್ಚೇ!”

ಮುಚ್ಚಿದಳು.

ಅವನು ಟವೆಲನ್ನು ಹಣೆಗೆ ಗಟ್ಟಿಯಾಗಿ ಒತ್ತಿಕೊಂಡು ತೆಗೆದ. ಹಣೆಯ ನಟ್ಟನಡುವೆ ಹಕ್ಕಿ ಕೂತಿತ್ತು, ಮೊಟ್ಟೆಗೆ ಜಾಗ ಸಿಕ್ಕಿದಷ್ಟು ನೆಮ್ಮದಿಯಿಂದ. ದೊಡ್ಡಮ್ಮನ ಮೂಗಿನಿಂದ ಕುಕ್ಕರಿನಂಥ ಸದ್ದು ಹೊರಟಿತು. ಅವನು ನಲ್ಲಿಯ ಮೇಲಿನ ಕನ್ನಡಿಗೆ ಓಡಿದ. ಸೋಪು ಹಾಕಿ ತಿಕ್ಕಿದ. ಹಣೆ ಕೆಂಪಾಯಿತು, ಹಕ್ಕಿ ಇನ್ನಷ್ಟು ಎದ್ದು ಕಂಡಿತು.

“ಯಾವಳೇ? ಯಾವಳದು ಈ ಕೋಳಿ? ಈಗಿಂದೀಗ್ಲೇ ಹೊರಗೆ ಹಾಕ್ತೀನಿ!”

ಹನ್ನೆರಡು ಕೈ ಮೇಲೆದ್ದವು. ಹನ್ನೆರಡರ ಮೇಲೂ ಅದೇ.

ಮೆಟ್ಟಿಲ ಮೇಲೆ ಮಾಲೀಕರ ಬೂಟಿನ ಸದ್ದು ಹತ್ತಿರವಾಯಿತು. ಅವಳು ಬೆಳಿಗ್ಗೆ ದೊಡ್ಡಮ್ಮ ಕತ್ತರಿಸಿದ ಆ ದಿಂಬಿನ ಚೀಲದ ತೋಳನ್ನು ನೆಲದಿಂದ ಎತ್ತಿ, ಕೊಡವಿ, ಅವನ ಮುಂದೆ ಹಿಡಿದಳು.

“ಕೋಳಿ ಅಲ್ಲ ಸಾರ್, ನವಿಲು. ಮುಚ್ಕೊಳ್ಳಿ ಬೇಗ.”