ಅತ್ತೆಯ ಗೂಡಿನಲ್ಲಿ ಸೊಸೆಯ ಕೂದಲು

ವಕ್ಕಲೇರಿಯ ಹೆಂಗಸರು ಬಾಚಿಕೊಂಡಾಗ ಉದುರಿದ ಕೂದಲನ್ನು ಬಿಸಾಡುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಗೂಡಿನಲ್ಲಿ ಇಡುತ್ತಾರೆ. ತಿಂಗಳಿಗೊಮ್ಮೆ ಕೋಲಾರದಿಂದ ಅಬ್ದುಲ್ ರಜಾಕ್ ಮೊಪೆಡ್ಡಿನಲ್ಲಿ ಬಂದು, ಕೂದಲು ತೂಗಿ ಪಾತ್ರೆ ಕೊಟ್ಟು ಹೋಗುತ್ತಾನೆ. ವೆಂಕಟರತ್ನಮ್ಮನ ಕೊಟ್ಟಿಗೆಯ ಗೋಡೆಯಲ್ಲಿ ಎರಡು ಗೂಡುಗಳಿದ್ದವು. ಎಡಗಡೆಯದು ಅವರದು, ಬಲಗಡೆಯದು ಸೊಸೆ ರಂಜಿತಳದು.

ಹೆರಿಗೆಯಾಗಿ ನಾಲ್ಕನೇ ತಿಂಗಳಿಗೆ ರಂಜಿತಳ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಕೂದಲು, ದಿಂಬಿನ ಮೇಲೆ ಕೂದಲು, ಮಗುವಿನ ಮುಷ್ಟಿಯಲ್ಲೂ ಕೂದಲು. ಅವಳು ಮೊದಲು ಶಾಂಪೂವನ್ನು ಬೈದಳು. ಆಮೇಲೆ ಬೋರ್‌ವೆಲ್ ನೀರನ್ನು ಬೈದಳು. ಕೊನೆಗೆ, ಸೀಮಂತದ ದಿನ ತನ್ನ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿದ್ದ ಎದುರುಮನೆ ಮುನಿಲಕ್ಷ್ಮಿಯನ್ನು ಮನಸ್ಸಿನಲ್ಲೇ ಬೈದಳು. ಯಾರನ್ನು ಬೈದರೂ ಉದುರುವುದೇನೂ ನಿಲ್ಲಲಿಲ್ಲ.

ಅವಳಿಗೆ ನಿಜಕ್ಕೂ ಭಯವಾಗಿತ್ತು. ಅತ್ತೆ ಅವಳನ್ನು ಒಪ್ಪಿದ್ದೇ ಜಡೆ ನೋಡಿ. ಹಾಲಿನ ಡೈರಿಯ ಸಾಲಿನಲ್ಲಿ ನಿಂತು, ‘ನಮ್ ಸೊಸೆ ಜಡೆ ಮೊಣಕಾಲು ಮುಟ್ಟುತ್ತೆ’ ಎಂದು ಊರಿಗೆಲ್ಲ ಸಾರಿದ್ದರು. ಬಲಗಡೆಯ ಗೂಡು ತುಂಬಿ ತುಳುಕಿದರೆ ಗುಟ್ಟು ರಟ್ಟಾಗುವುದಿಲ್ಲವೇ? ಹಾಗಾಗಿ ರಂಜಿತ ಒಂದು ಉಂಡೆಯನ್ನು ತನ್ನ ಗೂಡಿನಲ್ಲಿಟ್ಟರೆ ಎರಡನ್ನು ಅತ್ತೆಯ ಗೂಡಿಗೆ ತುರುಕತೊಡಗಿದಳು.

ಈ ಜಾಣತನ ಒಂದು ತಿಂಗಳೂ ಬಾಳಲಿಲ್ಲ. ಗುರುವಾರ ಬೆಳಿಗ್ಗೆ ಗೂಡಿಗೆ ಕೈಹಾಕಿದ ವೆಂಕಟರತ್ನಮ್ಮ, “ಅಯ್ಯೋ ದೇವುಡಾ!” ಎಂದು ಹಸುವಿನ ಪಕ್ಕದಲ್ಲೇ ಕುಸಿದು ಕೂತರು.

“ಇಷ್ಟೂ ನನ್ ತಲೇದೇನೇ? ಹಿಂಗಾದ್ರೆ ಹಬ್ಬದ ಹೊತ್ಗೆ ನನ್ ತಲೆ ತಾಮ್ರದ ಚೊಂಬು ಕಣೇ! ಉದುರೋದನ್ನ ನೋಡ್ತಾ ಕೂರೋಕಿಂತ ಮುಡಿ ಕೊಟ್ಬಿಡ್ತೀನಿ. ಬೋಳಿಸಿದ್ರೆ ದಟ್ಟಗೆ ಬರುತ್ತಂತೆ. ಶನಿವಾರ ಚಿಕ್ಕತಿರುಪತಿಗೆ ಹೋಗ್ತೀನಿ.”

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಅತ್ತೆಯ ತಲೆ ಹೋಗುತ್ತದೆ. ರಂಜಿತ ನಡುಮನೆಗೆ ಹೋಗಿ, ತಲೆ ತುಂಬ ಸೆರಗು ಹೊದ್ದ ಅಜ್ಜಿಯ ಫೋಟೋಗೆ ಕೈಮುಗಿದಳು. ಅದು ಅತ್ತೆಯ ಅತ್ತೆಯ ಫೋಟೋ. ಅಷ್ಟು ಭಕ್ತಿಯ ಮುಖ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಶುಕ್ರವಾರ ರಜಾಕ್ ಬಂದ. ಗೋಣಿಯ ಮೇಲೆ ಎಡಗಡೆಯ ಗೂಡಿನ ಕೂದಲು ಹರಡಿ, ಒಂದೆರಡು ಎಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದ.

“ಅಮ್ಮಾ, ಇದು ಒಬ್ರ ತಲೇದಲ್ಲ. ಈ ಎಳೆ ಬುಡ ಬೆಳ್ಳಗಿದೆ, ಮೇಲೆಲ್ಲ ಡೈ. ಇದು ನೋಡಿ, ಬುಡದಿಂದ ತುದಿವರೆಗೂ ಅಸಲಿ ಕಪ್ಪು.”

“ಡೈ ಯಾರಯ್ಯಾ ಹಾಕ್ತಾರೆ?” ವೆಂಕಟರತ್ನಮ್ಮ ಗುಡುಗಿದರು. “ಎಲ್ಲಾ ನಂದೇ!”

ಭಾನುವಾರ ಬಚ್ಚಲ ಹಿಂದೆ ಅವರು ಡೈ ಹಚ್ಚಿಕೊಳ್ಳುವುದು ಬೀದಿಗೆಲ್ಲ ಗೊತ್ತಿತ್ತು. ಆದರೂ ಅವರು ತಲೆಯನ್ನು ಬೇಕಾದರೆ ಕೊಟ್ಟಾರು, ಡೈಯನ್ನು ಒಪ್ಪಿಕೊಳ್ಳಲಾರರು. ರಂಜಿತಳಿಗೆ ಇನ್ನು ತಡೆಯಲಾಗಲಿಲ್ಲ.

“ಅತ್ತೆ, ಆ ಕಪ್ಪು ಕೂದ್ಲು ನಂದು. ನಾನೇ ನಿಮ್ ಗೂಡಿಗೆ ತುರುಕ್ತಿದ್ದೆ. ತಪ್ಪಾಯ್ತು. ನನ್ ಜಡೆ ಹೋಗ್ತಿದೆ ಅತ್ತೆ,” ಎಂದವಳೇ ಗಳಗಳನೆ ಅತ್ತಳು.

“ಅಳಬೇಡಮ್ಮಾ,” ಎಂದ ರಜಾಕ್. “ಬಾಣಂತಿ ಇರೋ ಎಲ್ಲಾ ಮನೇಲೂ ನಂಗೆ ಹಿಂಗೇ ಸಿಗುತ್ತೆ. ಬಸುರೀಲಿ ಉದುರದೆ ನಿಂತಿದ್ದೆಲ್ಲ ಆಮೇಲೆ ಒಟ್ಟಿಗೆ ಇಳಿಯುತ್ತಂತೆ. ದೃಷ್ಟಿನೂ ಅಲ್ಲ, ನೀರೂ ಅಲ್ಲ. ನಮ್ ಮಗಳು ಅರ್ಷಿಯಾಗೂ ಹಿಂಗೇ ಆಗಿತ್ತು. ಡಾಕ್ಟ್ರು ಟೆಸ್ಟ್ ಮಾಡ್ಸಿ, ರಕ್ತಾನೂ ಕಮ್ಮಿ ಅಂತ ಮಾತ್ರೆ ಕೊಟ್ರು. ಮಗೂಗೆ ವರ್ಷ ತುಂಬೋ ಹೊತ್ಗೆ ಮತ್ತೆ ತಲೆ ತುಂಬ ಬಂತು. ನೀನೂ ಒಂದ್ಸಲ ತೋರಿಸ್ಕೋ.”

ಅವನು ಒಂದು ಸ್ಟೀಲ್ ಬೋಗುಣಿ ಕೊಟ್ಟು ಹೊರಟ. ವೆಂಕಟರತ್ನಮ್ಮ ಸರಸರನೆ ಒಳಗೆ ಹೋದರು. ಈಗ ಮಹಾಮಂಗಳಾರತಿ ಎಂದುಕೊಂಡಳು ರಂಜಿತ.

ಹೊರಗೆ ಬಂದ ಅತ್ತೆಯ ಒಂದು ಕೈಯಲ್ಲಿ ಎಣ್ಣೆಬಟ್ಟಲು, ಇನ್ನೊಂದರಲ್ಲಿ ನಡುಮನೆಯ ಫೋಟೋ ಇತ್ತು.

“ಕೂತ್ಕೊಳ್ಳೇ,” ಎಂದು ಸೊಸೆಯ ಜಡೆ ಬಿಚ್ಚಿದರು. “ನಿನ್ ಗಂಡ ಹುಟ್ಟಿದಾಗ ನಂದೂ ಹಿಂಗೇ ಉದುರ್ತು. ನಾನೂ ನಮ್ಮತ್ತೆ ಗೂಡಿಗೇ ತುರುಕ್ತಿದ್ದೆ.”

“ಆಮೇಲೆ?”

“ಆಮೇಲೇನು? ನಿನ್ನಷ್ಟು ಧೈರ್ಯ ನಂಗಿರಲಿಲ್ಲ. ಬಾಯಿ ಬಿಡಲಿಲ್ಲ.” ವೆಂಕಟರತ್ನಮ್ಮ ಫೋಟೋದ ಕಡೆ ನೋಡಿ ಕೆನ್ನೆ ತಟ್ಟಿಕೊಂಡರು. “ಪಾಪ, ಮುಡಿ ಕೊಟ್ಟು ಬಂದ ವಾರವೇ ಈ ಫೋಟೋ ತೆಗೆಸಿದ್ದು. ಆ ಸೆರಗು ಭಕ್ತಿಗೆ ಹೊದ್ದಿದ್ದಲ್ಲ ಕಣೇ.”