ಈಜುಕೊಳದ ಯಂತ್ರಕ್ಕೆ ಹಾಕಿದ ಹಾರ

ಚಾಮರಾಜನಗರ ಜಿಲ್ಲೆಯಾದ ವರ್ಷವೇ ಗುಂಡ್ಲುಪೇಟೆಯ ಆಚೆ ತೆರೆದ ರೆಸಾರ್ಟು ಅದು. ಅಲ್ಲಿನ ಈಜುಕೊಳದ ತಳ ಗುಡಿಸುವ, ಆಮೆಯಂಥ ಯಂತ್ರ ಆಯುಧಪೂಜೆಯ ಮರುದಿನ ನೀರಿನೊಳಗೆ ಗುಂಯ್‌ಗುಡುತ್ತ ನಿಂತೇಬಿಟ್ಟಿತು. ಮ್ಯಾನೇಜರ್ ರಂಗರಾಜು ಕೆಲಸದವರೆಲ್ಲರ ಎದುರಿಗೇ ಅಂಗಳ ಗುಡಿಸುವ ಬಸವಮ್ಮನ ಮೇಲೆ ಹರಿಹಾಯ್ದರು.

"ತಲೆ ಬಾಚ್ಕಂಡು ಕೂದ್ಲು ನೀರಿಗೆ ಎಸ್ದಿದ್ದೀಯ! ನಾಳೆಯಿಂದ ಬರ್ಬೇಡ."

"ನಾ ಯಾಕೆ ಎಸೀಲಿ ಬುದ್ಧಿ? ಆ ಆಮೆ ತಾವ್ಕೇ ಓಗಿಲ್ಲ ಕಣಿ!"

ಆಫೀಸಿನ ಸ್ವರ್ಣಲತಾ ಗಲಾಟೆ ಕೇಳಿ ಕೊಳದ ಬಳಿ ಬಂದಳು. ಎದುರಾಡಿದರೆ ತನ್ನ ಕೆಲಸಕ್ಕೂ ಕುತ್ತು. ಆದರೂ, ಬಿಚ್ಚಿ ನೋಡದೆಯೇ ಒಬ್ಬಳ ಅನ್ನ ಕಿತ್ತುಕೊಳ್ಳುವುದೇ? ಪ್ಲಗ್ ಕಿತ್ತು, ಬಸವಮ್ಮನ ಜೊತೆ ಯಂತ್ರವನ್ನು ದಡಕ್ಕೆಳೆದು ಮಗುಚಿದಳು. ಕಸದ ಚೀಲ ಖಾಲಿಯಿತ್ತು. ತಳದ ತಟ್ಟೆಯ ತಿರುಪು ಬಿಚ್ಚಿದರೆ, ಒಳಗಿನ ಫ್ಯಾನಿಗೆ ಬಾಳೆನಾರು ಬಿಗಿದುಕೊಂಡಿತ್ತು. ನಾರಿನುದ್ದಕ್ಕೂ ನಜ್ಜುಗುಜ್ಜಾದ ಸೇವಂತಿಗೆ.

"ಸಾರ್, ನಿನ್ನೆ ಇದಕ್ಕೆ ಹಾರ ಹಾಕಿದ್ದು ನೀವು. ಹಾರದ ಸಮೇತ ನೀರಿಗೆ ಬಿಟ್ಟಿದ್ದೂ ನೀವೇ."

"ಪೂಜೆ ಹೂವ ಅವತ್ತೇ ತೆಗೀಬಾರ್ದು ಕಣಮ್ಮ," ರಂಗರಾಜು ಗೊಣಗಿದರು. "ಆಯ್ತು ಬುಡಿ, ಓಗಿ ಕೆಲ್ಸ ನೋಡಿ."

ಸ್ವರ್ಣಲತಾ ನಾರು ಕತ್ತರಿಸಿ ತೆಗೆದು, ತಟ್ಟೆ ಮುಚ್ಚಿ, ಮತ್ತೆ ನೀರಿಗಿಳಿಸಿದಳು. ಯಂತ್ರ ಗೋಡೆಯತ್ತ ತೆವಳಿತು. ಅವಳು ರಂಗರಾಜು ಕಡೆ ತಿರುಗಿದಳು.

"ಬಿಡೋದು ಹೇಗೆ ಸಾರ್? ಬೈದದ್ದು ಎಲ್ಲರ ಎದುರಿಗೆ. ತಪ್ಪು ಬಸವಮ್ಮಂದಲ್ಲ ಅಂತಲೂ ಎಲ್ಲರ ಎದುರಿಗೇ ಹೇಳಿ. ಕರೀತೀನಿ."

"ನೀ ಇರವ್ವ," ಬಸವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ ಗಂಟ್ಲು ದೊಡ್ಡದು, ನಾನೇ ಕೂಗ್ತೀನಿ."