ಗಂಗುಲಪ್ಪನ ಗಟ್ಟಿಮೇಳ

ಗೌರಿಬಿದನೂರಿನ ಸುತ್ತಮುತ್ತ ಗಂಗುಲಪ್ಪನ ನಾಗಸ್ವರ ಕೇಳದೆ ತಾಳಿ ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಕಡಿಮೆ. ಹಾಗಿರುವಾಗ ಮಗಳು ತನುಜಳ ಮದುವೆಗೆ ಬೇರೆ ಓಲಗದವರನ್ನು ಕರೆಸೋಣ ಎಂದು ಹೆಂಡತಿ ಆಂಜಿನಮ್ಮ ಅಂದದ್ದೇ ತಪ್ಪಾಯಿತು.

“ಊರ ಮಕ್ಕಳಿಗೆಲ್ಲ ಊದಿದೋನು ನಾನು. ನನ್ ಮಗೂಗೆ ಇನ್ನೊಬ್ಬ ಊದೋದಾ? ಧಾರೆ ಎರೆದು ಎದ್ ಬಂದು ನಾನೇ ಗಟ್ಟಿಮೇಳ ಕೊಡ್ತೀನಿ ಕಣೇ!”

ಸರಿ, ಹಟಮಾರಿಗೆ ಹೇಳುವವರು ಯಾರು?

ಮುಹೂರ್ತದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಿಂಡಿ ತಿಂದವರನ್ನೇ ಮತ್ತೆ ಎಳೆದು ತಿಂಡಿಗೆ ಕೂರಿಸಿದ. ಬೀಗರಿಗೆ ಹಾಕಬೇಕಾದ ಹಾರವನ್ನು ಅಡುಗೆಯವನ ಕೊರಳಿಗೆ ಹಾಕಿದ. ಧಾರೆ ಮುಗಿದದ್ದೇ ಒದ್ದೆ ಕೈಯನ್ನು ರೇಷ್ಮೆ ಪಂಚೆಗೇ ಒರೆಸಿಕೊಂಡು ಓಲಗದ ಜಮಖಾನಕ್ಕೆ ಓಡಿಬಂದ. ಡೋಲಿನ ಕೋನಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ವರ ಮುನೇಶ್ ತಾಳಿ ಎತ್ತಿದ. ಪುರೋಹಿತರು ಬೆರಳಾಡಿಸಿ ಕೂಗಿದರು: “ಗಟ್ಟಿಮೇಳ! ಗಟ್ಟಿಮೇಳ!”

ಡೋಲು ಗುಡುಗಿತು. ನಾಗಸ್ವರ ಮಾತ್ರ ಪುಸ್ ಎಂದಿತು.

ತುಟಿ ಬಿಗಿದು ಹಿಡಿದರೆ ತಾನೆ ಪೀಪಿ ನುಡಿಯುವುದು? ಗಂಗುಲಪ್ಪನ ತುಟಿಗಳೋ, ಮಗಳನ್ನು ನೋಡುತ್ತಾ ನಗುವಿನಲ್ಲಿ ಹಿಗ್ಗಿಹೋಗಿದ್ದವು. ಇನ್ನೊಮ್ಮೆ ಊದಿದ. ಪೀಂಯ್ಕ್! ಕೋನಪ್ಪ ಡೋಲು ನಿಲ್ಲಿಸಿ ನಕ್ಕ, ಪುರೋಹಿತರು ನಕ್ಕರು, ತನುಜ ಬಾಸಿಂಗ ಅಲುಗುವಂತೆ ನಕ್ಕಳು.

“ಮಾವ, ಕಟ್ಲಾ ಬೇಡ್ವಾ?” ಎಂದ ಮುನೇಶ್, ತಾಳಿ ಹಿಡಿದ ಕೈ ಹಾಗೇ ನಿಲ್ಲಿಸಿಕೊಂಡು.

ಮೇಳದ ಸದ್ದಿಲ್ಲದ ಹೊತ್ತಿನಲ್ಲಿ ಯಾರಾದರೂ ಸೀನಿದರೆ ಅಪಶಕುನ. ಇಷ್ಟು ಮದುವೆಗೆ ಊದಿದವನಿಗೆ ಅದು ಗೊತ್ತಿಲ್ಲವೆ? ಬೆವರಿಳಿಯಿತು, ನಗು ಮಾತ್ರ ಇಳಿಯಲಿಲ್ಲ.

“ಸತ್ತೆ ಕಣೋ ಕೋನಪ್ಪಾ!”

ಆಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಅವನ ಕಿವಿಯಲ್ಲಿ ಅಂದಳು: “ನಾಳೆಯಿಂದ ನೀನು ಊದೋವಾಗ ತಪ್ಪು ಹಿಡಿಯಕ್ಕೆ ಅವಳು ಮನೇಲಿರಲ್ಲ. ನೋಡ್ಕೋ.”

ತುಟಿ ಕೂಡಿತು.

ಛತ್ರದ ತಗಡು ನಡುಗುವಂತೆ ಗಟ್ಟಿಮೇಳ ಎದ್ದಿತು. ಮುನೇಶ್ ಗಂಟು ಹಾಕಿದ, ಅಕ್ಷತೆ ಬಿತ್ತು, ಸಾಕೆಂದು ಪುರೋಹಿತರು ಕೈ ಮಾಡಿದರು. ಗಂಗುಲಪ್ಪ ನಿಲ್ಲಿಸಲಿಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಗಂಡಿನ ಊರು ಶಿಡ್ಲಘಟ್ಟವೇನು ಏಳು ಸಮುದ್ರದಾಚೆ ಇಲ್ಲ, ಬಸ್ಸು ಹತ್ತಿದರೆ ಬಂತು. ಆದರೂ ಊದುವುದು ನಿಲ್ಲಿಸಿದರೆ ಮಗಳು ಹೊರಟೇಬಿಡುತ್ತಾಳೆಂದು ಅವನಿಗೆ ದಿಗಿಲು. ಜನ ಇದೂ ಒಂದು ಶಾಸ್ತ್ರವೆಂದುಕೊಂಡು ಮತ್ತೆ ಅಕ್ಷತೆ ಎರಚಿದರು.

ಕೊನೆಗೆ ತನುಜಳೇ ಎದ್ದು, ಸೆರಗುಗಂಟು ಹಾಕಿದ್ದ ಗಂಡನನ್ನೂ ಎಳೆದುಕೊಂಡು ಬಂದು ಅಪ್ಪನ ಎದುರು ಕೂತಳು.

“ಅಪ್ಪಾ, ನಾನು ಹೊರಡೋದು ಸಾಯಂಕಾಲ ಕಣಪ್ಪಾ. ಅಲ್ಲೀವರ್ಗೂ ಊದ್ತೀಯಾ?”

ಗಂಗುಲಪ್ಪ ಪೀಪಿ ಬಿಡದೆಯೇ ಹೂಂ ಎಂದು ತಲೆಯಾಡಿಸಿದ.